ಹಸಿರು ಬಣ್ಣ ನಂಬಿ ಅವ್ವನನ್ನು ಊರಿಗೆ ಕರೆತಂದೆವು

ಹೋದ ಫೆಬ್ರುವರಿಯ ಒಂದು ಭಾನುವಾರ ಬಸವೇಶ್ವರನಗರದಿಂದ ಅವ್ವನನ್ನು ಊರಿಗೆ ಕರೆದುಕೊಂಡು ಬಂದೆವು. ಎರಡು ಬ್ಯಾಗು, ಒಂದು ಇನ್‌ಹೇಲರ್, ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ, ತಾವರೆಕೆರೆಯನ್ನೂ ದಾಟಿದ ಮೇಲೆ ಅವ್ವ ಬಸ್ಸಿನ ಕಿಟಕಿಯ ಗಾಜು ಪೂರ್ತಿ ಸರಿಸಿ, "ಇದು ಕಣ್ರಪ್ಪ ಗಾಳಿ ಅಂದ್ರೆ" ಅಂದಳು.

ನಮಗೂ ಹಾಗೇ ಅನ್ನಿಸಿತ್ತು. ಹೊರಡುವ ಮೊದಲು ಫೋನಿನಲ್ಲಿ ನೋಡಿದ್ದೆವು. ಅಕ್ಕನ ಮನೆ ಇರುವ ಕಡೆ ಗಾಳಿಯ ಬಣ್ಣ ಹಳದಿ. ನಮ್ಮೂರಿನ ಹೆಸರು ಹೊಡೆದರೆ ಹಸಿರು. ಬಣ್ಣ ನೋಡಿ ಅಕ್ಕನಿಗೂ ಭಾವನಿಗೂ ತೋರಿಸಿ, "ಊರಲ್ಲಿದ್ರೆ ಒಂದೇ ತಿಂಗಳಿಗೆ ಹುಷಾರಾಗ್ತಾಳೆ" ಅಂತ ಧೈರ್ಯ ಹೇಳಿದವರು ನಾವೇ.

ನಾವು ಮಾಗಡಿ ತಾಲ್ಲೂಕಿನವರು. ಜಿಲ್ಲೆಯಲ್ಲಿ ಸ್ಟ್ರಿಂಗರ್ ಕೆಲಸ. ರೇಷ್ಮೆ ಗೂಡಿನ ರೇಟು, ಚಿರತೆ ಹಾವಳಿ, ಆನೆ ದಾಳಿ, ಗ್ರಾಮ ಪಂಚಾಯಿತಿ ಗಲಾಟೆ, ಯಾವುದು ಸಿಕ್ಕರೂ ಬರೆಯುವವರು. ಅದೇ ಜನವರಿಯಲ್ಲಿ ನಾಲ್ಕು ಕಾಲಂ ಸುದ್ದಿಯೊಂದನ್ನೂ ಬರೆದಿದ್ದೆವು. ನಗರದ ಗಾಳಿ ಕೆಟ್ಟಿದೆ, ಜನ ಹಳ್ಳಿ ಕಡೆ ಮುಖ ಮಾಡುತ್ತಿದ್ದಾರೆ ಅಂತ. ಅದರಲ್ಲಿ "ಹಳ್ಳಿಗಳ ಶುದ್ಧ ಗಾಳಿ" ಅನ್ನುವ ಮಾತು ಮೂರು ಸಲ ಬಂದಿತ್ತು. ಯಾರು ಅಳೆದು ಶುದ್ಧ ಅಂದರು ಎಂದು ಡೆಸ್ಕಿನವರು ಕೇಳಲಿಲ್ಲ. ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ.

ಮೊದಲ ವಾರ ಅವ್ವ ಚೆನ್ನಾಗಿದ್ದಳು. ಬಸವೇಶ್ವರನಗರದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಬರುತ್ತಿದ್ದ ಕೆಮ್ಮು ಇಲ್ಲಿ ಕಡಿಮೆಯಾಯಿತು. ಹಸುವಿಗೆ ಹುಲ್ಲು ಹಾಕಿದಳು, ಹಿಪ್ಪುನೇರಳೆ ತೋಟದ ಕಡೆ ಹೋಗಿ ಬಂದಳು. ಎರಡನೇ ವಾರದಿಂದ ಬೇರೆ ತರಹದ ತೊಂದರೆ ಶುರುವಾಯಿತು. ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನ ಊಟ ಆಗಿ ಒಂದೆರಡು ಗಂಟೆಗೆ ಗಂಟಲು ಕೆರೆತ, ಒಣ ಕೆಮ್ಮು, ಎದೆ ಹಿಡಿದ ಹಾಗೆ. ಸಂಜೆ ಆರರ ಮೇಲೆ ತಾನಾಗಿಯೇ ಇಳಿಯುತ್ತದೆ.

"ಬಿಸಿಲಿಗೆ ಕಣವ್ವ" ಅಂದರು ಪಕ್ಕದ ಮನೆಯವರು. ನಾವೂ ಬಿಸಿಲಿಗೇ ಅಂದುಕೊಂಡೆವು. ಡಾಕ್ಟರ ಹತ್ತಿರ ಹೋದಾಗ ಅವರು ಇನ್‌ಹೇಲರ್ ಪ್ರಮಾಣ ಸ್ವಲ್ಪ ಬದಲಾಯಿಸಿ, "ಯಾವ ಹೊತ್ತಿಗೆ ಬರುತ್ತೆ ಅಂತ ದಿನಾ ಬರೆದಿಡಿ" ಅಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆವು. ಕೆಮ್ಮು ಬಂದ ದಿನಕ್ಕೆ ಒಂದು ಗೀಟು, ಪಕ್ಕದಲ್ಲಿ ಗಂಟೆ.

ಮಾರ್ಚ್ ಎರಡನೇ ವಾರದ ಹೊತ್ತಿಗೆ ಗೀಟುಗಳೆಲ್ಲ ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ ಬಿದ್ದಿದ್ದವು. ಮಧ್ಯಾಹ್ನ ಒಂದರಿಂದ ನಾಲ್ಕರ ಒಳಗೆ. ಆದರೆ ಮೋಡ ಮುಚ್ಚಿದ ಎರಡು ದಿನ ಗೀಟು ಇರಲಿಲ್ಲ.

ಆ ಕ್ಯಾಲೆಂಡರಿನ ಫೋಟೊ ಹಿಡಿದುಕೊಂಡು ವಿಜಯನಗರಕ್ಕೆ ಹೋದೆವು. ಡಿಪ್ಲೊಮಾ ಓದುವಾಗ ನಾವು ಬಾಡಿಗೆಗಿದ್ದ ಕೋಣೆ ಅಲ್ಲೇ ಇತ್ತು. ಮನೆ ಮಾಲೀಕರು ಕೆಮಿಸ್ಟ್ರಿ ಮೇಷ್ಟ್ರು, ಈಗ ನಿವೃತ್ತರು. ಬಾಡಿಗೆ ತಡವಾದರೂ ಬೈಯದೆ ಕಾಫಿ ಕೊಟ್ಟು ಪಾಠ ಮಾಡುತ್ತಿದ್ದವರು. ಫೋಟೊ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಈ ದಿನಗಳಲ್ಲಿ ನಿಮ್ಮೂರಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ?"

ಅದು ಗೊತ್ತಿಲ್ಲದ ರೈತರ ಮಕ್ಕಳುಂಟೆ? ಕಾರ್ತಿಕ ಕಳೆದ ಮೇಲೆ ರಾಗಿ ಕಣದಲ್ಲಿ ತೂರುವಾಗ ಹೊಟ್ಟು ಯಾವ ಕಡೆ ಹಾರುತ್ತದೆ ಎಂದು ಚಿಕ್ಕವರಿದ್ದಾಗಿನಿಂದ ನೋಡಿದ್ದೇವೆ. ಚಳಿಗಾಲದಿಂದ ಹಿಡಿದು ಬೇಸಿಗೆ ಶುರುವಾಗುವವರೆಗೆ ಮೂಡಗಾಳಿ. ಮುಂಗಾರು ಹತ್ತಿರ ಬಂದ ಮೇಲೆ ಪಡುವಣ ಗಾಳಿ.

"ನಿಮ್ಮೂರಿಗೆ ಮೂಡಲ ಕಡೆ ಏನಿದೆ?"

ನಾವು ಸುಮ್ಮನೆ ಕೂತೆವು. ನಮ್ಮೂರಿಗೆ ಮೂಡಲ ಕಡೆ ಇರುವುದು ಬೆಂಗಳೂರು. ರಾಜಾಜಿನಗರ, ವಿಜಯನಗರ, ಪೀಣ್ಯ, ಮೈಸೂರು ರಸ್ತೆ, ಅದರಾಚೆ ಇಡೀ ನಗರ.

ಮೇಷ್ಟ್ರು ಹೇಳಿದ್ದು ಓಜೋನ್ ಬಗ್ಗೆ. ನಮಗೆ ನಗು ಬಂತು. ಏಕೆಂದರೆ ಓಜೋನ್ ಬಗ್ಗೆ ವರ್ಷಕ್ಕೊಂದು ಸುದ್ದಿ ನಾವೇ ಬರೆಯುತ್ತೇವೆ. ಸೆಪ್ಟೆಂಬರ್ 16 ಓಜೋನ್ ದಿನ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದ ದಿನ ಅದು. ಯಾವುದಾದರೂ ಹೈಸ್ಕೂಲಿನಲ್ಲಿ ಮಕ್ಕಳು "ಓಜೋನ್ ಉಳಿಸಿ" ಎಂಬ ಫಲಕ ಹಿಡಿದು ಜಾಥಾ ಹೋಗುತ್ತಾರೆ, ಫೋಟೊ ತೆಗೆದು ಕಳಿಸುತ್ತೇವೆ. ಉಳಿಸಬೇಕಾದ ಓಜೋನ್ ಎದೆ ಹಿಡಿಯುವುದು ಹೇಗೆ?

"ಅದು ಮೇಲಿನ ಓಜೋನ್" ಅಂದರು ಮೇಷ್ಟ್ರು. "ನೆಲದಿಂದ ಹತ್ತಾರು ಕಿಲೋಮೀಟರ್ ಮೇಲೆ ಕೊಡೆ ಥರ ಇರೋದು. ಬಿಸಿಲಿನ ಕೆಟ್ಟ ಕಿರಣ ತಡೆಯುತ್ತೆ. ಅದೇ ಅನಿಲ ನಾವು ಉಸಿರಾಡೋ ಎತ್ತರದಲ್ಲಿದ್ರೆ ವಿಷ. ಬೆಂಕಿ ಒಲೆಯಲ್ಲಿದ್ರೆ ಅಡುಗೆ, ಸೂರಿನಲ್ಲಿದ್ರೆ?"

ಅವರು ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ನೆಲಮಟ್ಟದ ಓಜೋನ್ ಯಾವ ಸೈಲೆನ್ಸರಿನಿಂದಲೂ ಬರುವುದಿಲ್ಲ, ಯಾವ ಚಿಮಣಿಯಿಂದಲೂ ಬರುವುದಿಲ್ಲ. ಗಾಳಿಯಲ್ಲೇ ತಯಾರಾಗುತ್ತದೆ. ಅದಕ್ಕೆ ಮೂರು ಸಾಮಾನು ಬೇಕು. ಒಂದು, ವಾಹನ, ಜನರೇಟರ್, ಬಾಯ್ಲರ್ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು. ಎರಡು, ಪೆಟ್ರೋಲ್, ಪೇಂಟು, ಥಿನ್ನರ್ ಬಿಟ್ಟಾಗ ಮೂಗಿಗೆ ಹೊಡೆಯುವಂಥ ಆವಿಗಳು. ಕಸ ಸುಟ್ಟರೂ ಇವು ಬರುತ್ತವೆ, ನೀಲಗಿರಿಯಂಥ ಕೆಲವು ಮರಗಳೂ ಇಂಥ ಆವಿ ಬಿಡುತ್ತವೆ. ಮೂರು, ಬಿಸಿಲು. ಮೂರೂ ಸೇರಿ ಕೆಲವು ಗಂಟೆ ಕಳೆದರೆ ಓಜೋನ್.

"ಹಾಲಿಗೆ ಹೆಪ್ಪು ಹಾಕಿದ ಹಾಗೆ" ಅಂದರು ಮೇಷ್ಟ್ರು. "ಹಾಲು ನಮ್ಮ ವಿಜಯನಗರದ್ದು, ಹೆಪ್ಪು ಬಿಸಿಲಿಂದು. ಗಾಳಿ ಹೊತ್ಕೊಂಡು ಹೋಗುವಷ್ಟರಲ್ಲಿ ಮೊಸರಾಗೋದು ನಿಮ್ಮೂರಲ್ಲಿ."

ಇನ್ನೊಂದು ಸಂಗತಿ ನಮಗೆ ಇನ್ನೂ ವಿಚಿತ್ರ ಅನ್ನಿಸಿತು. ವಾಹನದಿಂದ ಆಗತಾನೆ ಹೊರಬಂದ ಹೊಗೆ ಓಜೋನನ್ನೇ ತಿನ್ನುತ್ತದೆ. ಆದ್ದರಿಂದ ಗಿಜಿಗುಡುವ ಸಿಗ್ನಲ್ಲಿನಲ್ಲಿ ಓಜೋನ್ ಕಡಿಮೆ ಇರಬಹುದು, ವಾಹನವೇ ಇಲ್ಲದ ಬಯಲಿನಲ್ಲಿ ಹೆಚ್ಚಿರಬಹುದು. ರಾತ್ರಿ ನಗರದಲ್ಲಿ ಅದು ಬೇಗ ಕರಗುತ್ತದೆ, ಹಳ್ಳಿಯಲ್ಲಿ ತಿನ್ನುವ ಹೊಗೆ ಇಲ್ಲದ್ದರಿಂದ ಹೆಚ್ಚು ಹೊತ್ತು ಉಳಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ವಾಹನ ನಿಂತಾಗ ದೇಶದ ಹಲವು ನಗರಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಇಳಿಯಿತು, ಓಜೋನ್ ಮಾತ್ರ ಏರಿತು.

ಅಂದರೆ ಪೇಟೆಯಿಂದ ದೂರ ಬಂದರೆ ಧೂಳು, ಹೊಗೆ ಕಡಿಮೆಯಾಗುವುದು ನಿಜ. ಎಲ್ಲವೂ ಕಡಿಮೆಯಾಗುತ್ತದೆ ಅನ್ನುವುದು ನಾವು ಕಟ್ಟಿಕೊಂಡ ಕಥೆ.

ಮೇಷ್ಟ್ರ ಮನೆಯಿಂದ ಹೊರಟವರು ಸಾಣೆಗುರುವನಹಳ್ಳಿ ಕಡೆ ಬೈಕ್ ತಿರುಗಿಸಿದೆವು. ಅಕ್ಕನ ಮನೆಯಿಂದ ಕೆಲವೇ ಬೀದಿ ಆಚೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಸರ್ಗ ಭವನ ಇದೆ. ಆ ಭಾಗದಲ್ಲೇ ಗಾಳಿ ಅಳೆಯುವ ಕೇಂದ್ರವೂ ಇದೆ. ಪಶ್ಚಿಮ ಬೆಂಗಳೂರಿನಲ್ಲಿ ಇಂಥವು ಇನ್ನೂ ಇವೆ. ಮೈಸೂರು ರಸ್ತೆಯ ಬಾಪೂಜಿನಗರದಲ್ಲಿ ಒಂದು, ಕೆಂಗೇರಿ ದಿಕ್ಕಿನ ಮೈಲಸಂದ್ರದಲ್ಲಿ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಕಡೆ ಒಂದು, ಪೀಣ್ಯದಲ್ಲೂ ಇದೆ. ನಮ್ಮ ಜಿಲ್ಲೆಗೆ ರಾಮನಗರ ಪೇಟೆಯ ವಿಜಯನಗರದಲ್ಲಿ ಒಂದು.

ಹಾಗಾದರೆ ನಮ್ಮೂರಿಗೆ ಹಸಿರು ಬಣ್ಣ ಕೊಟ್ಟವರು ಯಾರು? ಅವತ್ತು ರಾತ್ರಿ ಕೂತು ಹುಡುಕಿದೆವು. ನಾವು ನೋಡಿದ್ದು ಫೋನಿನ ಜತೆಗೇ ಬಂದ ಹವಾಮಾನದ ಆ್ಯಪ್. ಅಂಥ ಆ್ಯಪ್‌ಗಳು ಯಂತ್ರ ಇಲ್ಲದ ಊರಿಗೂ ಉಪಗ್ರಹ, ಕಂಪ್ಯೂಟರ್ ಲೆಕ್ಕ ಹಿಡಿದು ಅಂದಾಜಿನ ಬಣ್ಣ ತೋರಿಸುತ್ತವೆ. ನಮ್ಮ ಹೋಬಳಿಯಲ್ಲಿ ಒಂದೇ ಒಂದು ಯಂತ್ರ ಇಲ್ಲ. ಅವ್ವನನ್ನು ನಾವು ಕರೆತಂದದ್ದು ಒಂದು ಅಂದಾಜನ್ನು ನಂಬಿ.

ಈಗ ಕಾನೂನಿಗೆ ಬರೋಣ. ಇದು ಬೇಸರದ ಭಾಗ ಅಂತ ಸ್ಕ್ರಾಲ್ ಮಾಡಬೇಡಿ, ನಮ್ಮ ನಿಮ್ಮ ಹಕ್ಕು ಇರುವುದು ಇಲ್ಲೇ.

ನಮ್ಮ ದೇಶದಲ್ಲಿ ವಾಯು ಮಾಲಿನ್ಯ ತಡೆ ಕಾಯ್ದೆ ಬಂದದ್ದು 1981ರಲ್ಲಿ. ಗಾಳಿಯಲ್ಲಿ ಏನೇನು ಎಷ್ಟೆಷ್ಟು ಇರಬಹುದು ಅನ್ನುವ ಮಿತಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸುತ್ತದೆ. 1994ರ ಪಟ್ಟಿಯಲ್ಲಿ ಓಜೋನ್ ಇರಲೇ ಇಲ್ಲ. ಕಾರ್ಖಾನೆ ಪ್ರದೇಶಕ್ಕೆ ಒಂದು ಮಿತಿ, ಜನವಸತಿಗೆ ಇನ್ನೊಂದು ಮಿತಿ ಅಂತ ಬೇರೆ ಬೇರೆ ಇತ್ತು. 2009ರ ನವೆಂಬರ್‌ನಲ್ಲಿ ಹೊಸ ಪಟ್ಟಿ ಬಂತು. ಒಟ್ಟು 12 ಮಾಲಿನ್ಯಕಾರಕ. ಓಜೋನ್ ಮೊದಲ ಸಲ ಸೇರಿತು. ಒಂದು ಘನ ಮೀಟರ್ ಗಾಳಿಯಲ್ಲಿ 8 ಗಂಟೆಯ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದು, 1 ಗಂಟೆಯ ಲೆಕ್ಕದಲ್ಲಿ 180 ಮೀರಬಾರದು. ವರ್ಷದ ನೂರಕ್ಕೆ 98 ಭಾಗ ಕಾಲ ಈ ಮಿತಿಯೊಳಗೇ ಇರಬೇಕು. ಉಳಿದ 2 ಭಾಗ ಅಂದರೆ ಸುಮಾರು 7 ದಿನ. ಆ ದಿನಗಳೂ ಬೆನ್ನು ಬೆನ್ನಿಗೆ ಎರಡು ಬರಬಾರದು.

ಆ ಪಟ್ಟಿಯ ತಲೆಸಾಲಿನಲ್ಲಿ ಏನಿದೆ ಗೊತ್ತೇ? ಕೈಗಾರಿಕೆ, ವಸತಿ, ಗ್ರಾಮೀಣ ಮತ್ತು ಇತರೆ ಪ್ರದೇಶ. ಗ್ರಾಮೀಣ ಅನ್ನುವ ಪದ ಅದರಲ್ಲೇ ಇದೆ. ರಾಜಾಜಿನಗರದ ಮಗುವಿಗೆ ಯಾವ 100 ಇದೆಯೋ ನಮ್ಮ ಅವ್ವನಿಗೂ ಅದೇ 100. ಕಾಗದದಲ್ಲಿ ಭೇದ ಇಲ್ಲ. ರಾಜಾಜಿನಗರದ ಹತ್ತಿರ ಯಂತ್ರ ಇದೆ, ನಮ್ಮ ಹತ್ತಿರ ಇಲ್ಲ, ಅಷ್ಟೇ ವ್ಯತ್ಯಾಸ. ಆದರೆ ಅಳೆಯದ ಮಿತಿ ಮೀರಿತೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ಮಿತಿ ಮೀರಿದ್ದು ದಾಖಲಾಗದಿದ್ದರೆ ಯಾವ ಕಚೇರಿಗೂ ಕೆಲಸ ಹುಟ್ಟುವುದಿಲ್ಲ.

ಕೈಯಿಂದ ಮಾದರಿ ತೆಗೆಯುವ ಹಳೆಯ ಕೇಂದ್ರಗಳು ಹಲವು ಊರುಗಳಲ್ಲಿವೆ. ಅವು ಧೂಳು, ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಅಳೆಯುತ್ತವೆ, ಓಜೋನ್ ಅಲ್ಲ. ಓಜೋನ್ ಗಂಟೆಗಂಟೆಗೆ ಬದಲಾಗುವ ಅನಿಲ. ಅದಕ್ಕೆ ಇಪ್ಪತ್ನಾಲ್ಕು ಗಂಟೆ ಓಡುವ ಯಂತ್ರವೇ ಬೇಕು. ಅಂಥವು ಹೆಚ್ಚಾಗಿ ಇರುವುದು ಜಿಲ್ಲಾ ಕೇಂದ್ರಗಳಲ್ಲಿ, ದೊಡ್ಡ ಪೇಟೆಗಳಲ್ಲಿ.

ಹಣವೂ ಹಾಗೇ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕದಿಂದ ನಾಲ್ಕು ನಗರ ಸೇರಿದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಒಳ್ಳೆಯ ಕಾರ್ಯಕ್ರಮವೇ. ಆದರೆ ಅದರ ಗುರಿ ಇರುವುದು ಧೂಳಿನ ಕಣ ಇಳಿಸುವುದರ ಮೇಲೆ. ಆದ್ದರಿಂದ ರಸ್ತೆ ಗುಡಿಸುವ ಯಂತ್ರ ಬರುತ್ತದೆ, ನೀರು ಚಿಮುಕಿಸುವ ಗಾಡಿ ಬರುತ್ತದೆ. ರಸ್ತೆ ಗುಡಿಸಿದರೆ ಓಜೋನ್ ಕಡಿಮೆಯಾಗುವುದಿಲ್ಲ. ನಗರಕ್ಕೆ ಅಂತ ಮಾಡಿದ ಕಾರ್ಯಕ್ರಮ ನಗರದ ಗಡಿಯಲ್ಲೇ ನಿಲ್ಲುತ್ತದೆ ಕೂಡ.

ಗಡಿ ಅಂದಾಗ ನೆನಪಾಯಿತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಒಪ್ಪಿತು. ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಯಾಯಿತು. ನಾವು ಹೊಸ ಗಡಿಯ ನಕ್ಷೆ ಹಾಕಿ ಸುದ್ದಿ ಬರೆದೆವು. ಮೂಡಗಾಳಿಗೆ ಆ ನಕ್ಷೆ ತಲುಪಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆವು: "ಗಾಳಿ ಗಡಿ ದಾಟುತ್ತೆ ಸಾರ್, ಅದಕ್ಕೆ ಯಾವ ಸರ್ಕಾರ ಏನು ಮಾಡೋಕಾಗುತ್ತೆ?" ಅವರು ಸ್ವಲ್ಪ ಸಿಟ್ಟಾದರು. "ನೀರಿಗೆ ಮಾಡಲಿಲ್ವೇನ್ರಪ್ಪ? ತಿಪ್ಪಗೊಂಡನಹಳ್ಳಿ ನಿಮ್ಮ ಕಡೇದೇ ಅಲ್ವಾ?"

ನಿಜ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ 1933ರದ್ದು. ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆ. ಅದಕ್ಕೆ ಹರಿದು ಬರುವ ನೀರು ಕೆಡಬಾರದು ಅಂತ ರಾಜ್ಯ ಸರ್ಕಾರ 2003ರಲ್ಲಿ ಆದೇಶ ಹೊರಡಿಸಿತು. ಜಲಾನಯನ ಪ್ರದೇಶವನ್ನು ವಲಯಗಳಾಗಿ ಹಂಚಿ, ಎಲ್ಲಿ ಎಂಥ ಕಾರ್ಖಾನೆ, ಎಂಥ ಕಟ್ಟಡ ಬರಬಹುದು ಅಂತ ನಿಯಮ ಮಾಡಿತು. ಯಾವ ತಾಲ್ಲೂಕು, ಯಾವ ಪಂಚಾಯಿತಿ ಅಂತ ನೋಡಲಿಲ್ಲ, ನೀರು ಎಲ್ಲಿಂದ ಹರಿಯುತ್ತದೆ ಅಂತ ನೋಡಿತು. ಆಮೇಲೆ ಆ ನಿಯಮ ಸಡಿಲವಾಯಿತು, ಅದು ಬೇರೆ ಜಗಳ. ಆದರೆ ನಗರ ಕುಡಿಯುವ ನೀರಿಗೋಸ್ಕರ ಹಳ್ಳಿಗಳಿಗೆ ನಿಯಮ ಹಾಕಿದ್ದು ಉಂಟು. ನಗರದಿಂದ ಹಳ್ಳಿಗೆ ಬರುವ ಗಾಳಿಗೋಸ್ಕರ ನಗರಕ್ಕೆ ಅಂಥ ನಿಯಮ ಯಾಕಿರಬಾರದು?

ಗಾಳಿಗೆ ಹೀಗೆ ಮಾಡಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ದೆಹಲಿ ಮತ್ತು ಸುತ್ತಲಿನ ಹರಿಯಾಣ, ಪಂಜಾಬ್, ರಾಜಸ್ಥಾನ, ಉತ್ತರ ಪ್ರದೇಶದ ಭಾಗಗಳಿಗೆ ಸೇರಿ ಒಂದೇ ಆಯೋಗ ಇರಬೇಕೆಂದು ಸಂಸತ್ತು 2021ರಲ್ಲಿ ಕಾಯ್ದೆ ಮಾಡಿತು. ಆ ಆಯೋಗದ ಆದೇಶ ರಾಜ್ಯಗಳ ಗಡಿ ದಾಟಿ ನಡೆಯುತ್ತದೆ. ದೆಹಲಿ ಗಾಳಿ ಶುದ್ಧವಾಯಿತೇ ಅಂದರೆ ಇಲ್ಲ. ಆದರೂ ಗಾಳಿಗೆ ಅದರದೇ ಸೀಮೆ ಇದೆ ಎಂದು ಕಾನೂನು ಒಪ್ಪಿತಲ್ಲ.

ಅಮೆರಿಕದ ಲಾಸ್ ಏಂಜಲೀಸ್ ಕಥೆಯಂತೂ ನಮ್ಮಂಥವರು ಓದಲೇಬೇಕು. 1940ರ ದಶಕದಲ್ಲಿ ಅಲ್ಲಿ ಮಂಜಿನಂಥ ಹೊಗೆ ಕವಿದು ಕಣ್ಣುರಿ ಬರುತ್ತಿತ್ತು. ಅದೇ ಹೊತ್ತಿಗೆ ಸುತ್ತಲಿನ ತೋಟಗಳಲ್ಲಿ ಪಾಲಕ್, ಲೆಟ್ಯೂಸ್ ಸೊಪ್ಪಿನ ಎಲೆ ಬಣ್ಣಗೆಡತೊಡಗಿತು. ಇದು ರೋಗವಲ್ಲ, ಹುಳುವಲ್ಲ, ಗಾಳಿಯ ಕೆಲಸ ಎಂದು ಗೊತ್ತಾಗಲು ಆ ಎಲೆಗಳೇ ದಾರಿಯಾದವು. 1950ರ ದಶಕದ ಆರಂಭದಲ್ಲಿ ಹಾಗನ್-ಸ್ಮಿಟ್ ಎಂಬ ವಿಜ್ಞಾನಿ ವಾಹನದ ಹೊಗೆಗೆ ಬಿಸಿಲು ತಾಗಿ ಓಜೋನ್ ಆಗುವುದನ್ನು ತೋರಿಸಿದರು. ಈಗ ಅಲ್ಲಿ ನಾಲ್ಕು ಕೌಂಟಿಗಳ ಪ್ರದೇಶಕ್ಕೆ ಸೇರಿ ಗಾಳಿಗೇ ಒಂದು ಆಡಳಿತ ಇದೆ. ಒಂದು ರಾಜ್ಯದ ಹೊಗೆ ಗಾಳಿ ಬೀಸುವ ದಿಕ್ಕಿನ ಇನ್ನೊಂದು ರಾಜ್ಯವನ್ನು ಕೆಡಿಸಿದರೆ ಮೊದಲನೆಯದು ಲೆಕ್ಕ ಕೊಡಬೇಕೆಂದು ದೇಶದ ಕಾನೂನೇ ಹೇಳುತ್ತದೆ.

ಬೆಳೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಒಂದು ಅಂದಾಜು ಪ್ರಕಟಿಸಿದರು. 2005ನೇ ಇಸವಿಯಲ್ಲಿ ಓಜೋನಿನಿಂದ ನಮ್ಮ ದೇಶ ಕಳೆದುಕೊಂಡದ್ದು ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಭತ್ತದ ಬೆಳೆ. ಸುಮಾರು 9.4 ಕೋಟಿ ಜನ ಉಣ್ಣುವಷ್ಟು. ಬೀನ್ಸ್ ಕೂಡ ಓಜೋನಿಗೆ ಬೇಗ ಸೋಲುವ ಗಿಡ. ಎಲೆಯಲ್ಲಿ ಚುಕ್ಕೆ ಕಂಡ ತಕ್ಷಣ ಓಜೋನ್ ಅನ್ನಬೇಡಿ, ನುಸಿಯೂ ಇರಬಹುದು, ರೋಗವೂ ಇರಬಹುದು. ಆದರೆ ಔಷಧಿ ಅಂಗಡಿಯವರು ಹೇಳುವ ಕಾರಣಗಳ ಪಟ್ಟಿಯಲ್ಲಿ ಗಾಳಿ ಅನ್ನುವುದು ಇದುವರೆಗೆ ಒಂದು ಸಲವೂ ಬಂದಿಲ್ಲ.

ಬೆಂಗಳೂರಿನಲ್ಲಿ ಓಜೋನ್ ಮಿತಿ ಮೀರುತ್ತದೆಯೇ? ಮೀರುತ್ತದೆ. 2024ರ ಬೇಸಿಗೆಯಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಹತ್ತು ಮಹಾನಗರ ಪ್ರದೇಶಗಳ ಸರ್ಕಾರಿ ಅಂಕಿಗಳನ್ನೇ ತೆಗೆದು ನೋಡಿತು. ಹತ್ತರಲ್ಲೂ ಮಿತಿ ಮೀರಿದ ದಿನಗಳಿದ್ದವು, ಬೆಂಗಳೂರೂ ಅದರಲ್ಲಿತ್ತು. ಇದು ಕೇಂದ್ರಗಳಿರುವ ಜಾಗದ ಲೆಕ್ಕ. ಗಾಳಿ ಮುಂದೆ ಎಲ್ಲಿಗೆ ಹೋಯಿತೋ ಅಲ್ಲಿಯ ಲೆಕ್ಕ ಅಲ್ಲ.

ಹಾಲು ಕಡಿಮೆ ಮಾಡದೆ ಮೊಸರು ಕಡಿಮೆಯಾಗುವುದಿಲ್ಲ. ಅದಕ್ಕೂ ಕೆಲವು ನಿಯಮ ಇವೆ. 2020ರ ಏಪ್ರಿಲ್‌ನಿಂದ ಬಿಎಸ್-6 ವಾಹನ ಬಂದವು, ಅವು ಬಿಡುವ ನೈಟ್ರೋಜನ್ ಆಕ್ಸೈಡ್ ಕಡಿಮೆ. ಅದೇ ವರ್ಷ ಕೇಂದ್ರ ಮಂಡಳಿ ಪೆಟ್ರೋಲ್ ಬಂಕುಗಳಿಗೆ ಮಾರ್ಗಸೂಚಿ ಕೊಟ್ಟಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರದಲ್ಲಿ ತಿಂಗಳಿಗೆ 300 ಕಿಲೋಲೀಟರಿಗಿಂತ ಹೆಚ್ಚು ಪೆಟ್ರೋಲ್ ಮಾರುವ ಬಂಕುಗಳು ಆವಿ ಹಿಡಿಯುವ ವ್ಯವಸ್ಥೆ ಇಡಬೇಕು. ಇನ್ನೊಂದು ಕಡೆ ನಮ್ಮ ಬೈಕಿನ ಎಮಿಷನ್ ಟೆಸ್ಟ್ ಚೀಟಿ ನೋಡಿ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ, ಹೈಡ್ರೋಕಾರ್ಬನ್ ಇದೆ, ನೈಟ್ರೋಜನ್ ಆಕ್ಸೈಡ್ ಇಲ್ಲ. ಓಜೋನಿಗೆ ಬೇಕಾದ ಅರ್ಧ ಸಾಮಾನನ್ನು ನಾವು ಪರೀಕ್ಷೆ ಮಾಡುವುದೇ ಇಲ್ಲ. ಆ ಚೀಟಿ ಇಟ್ಟುಕೊಂಡು ವಾರಕ್ಕೆ ಮೂರು ದಿನ ಕೆಂಗೇರಿ, ವಿಜಯನಗರ ಅಂತ ಓಡಾಡುವವರು ನಾವೇ. ಹಾಲಿಗೆ ನಮ್ಮದೂ ಒಂದು ಚೊಂಬು ಇದೆ. ತೋಟದ ಅಂಚಿನಲ್ಲಿ ಗರಿ, ಕಸ, ಪ್ಲಾಸ್ಟಿಕ್ ಸೇರಿಸಿ ಬೆಂಕಿ ಹಾಕುವ ಅಭ್ಯಾಸವೂ ನಮ್ಮ ಊರಿನದೇ.

ಅವ್ವನ ಕೆಮ್ಮಿಗೆ ಓಜೋನೇ ಕಾರಣ ಎಂದು ನಾವು ಬರೆಯುವುದಿಲ್ಲ. ಹಾಗೆ ಬರೆದರೆ ಜನವರಿಯಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದ ಹಾಗೆ. ಒಲೆ ಹೊಗೆ ಇದೆ, ಬಿಸಿಲಿದೆ, ವಯಸ್ಸಿದೆ. ಅಳೆದಿದ್ದರೆ ಗೊತ್ತಾಗುತ್ತಿತ್ತು. ಡಾಕ್ಟರಿಗೂ ಗೊತ್ತಾಗುತ್ತಿತ್ತು. ನಮ್ಮ ಜಗಳ ಇರುವುದು ಆ ಅಳೆಯದೆ ಬಿಟ್ಟದ್ದರ ಮೇಲೆ.

ಹಾಗಂತ ಕೈಕಟ್ಟಿ ಕೂರಲಿಲ್ಲ. ಡಾಕ್ಟರ ಜತೆ ಮಾತಾಡಿ ಅವ್ವನ ದಿನಚರಿ ಬದಲಾಯಿಸಿದೆವು. ಹೊರಗಿನ ಕೆಲಸ ಏನಿದ್ದರೂ ಬೆಳಿಗ್ಗೆ ಹತ್ತರ ಒಳಗೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕೂವರೆವರೆಗೆ ಮನೆಯೊಳಗೆ. ಕಿಟಕಿ ಮುಚ್ಚಿದ ಮನೆಯೊಳಗೆ ಓಜೋನ್ ಹೊರಗಿಗಿಂತ ತುಂಬ ಕಡಿಮೆ ಇರುತ್ತದೆ. ಬಟ್ಟೆ ಮಾಸ್ಕ್ ಆಗಲಿ ಎನ್-95 ಆಗಲಿ ಧೂಳು ತಡೆಯಬಹುದು, ಈ ಅನಿಲ ತಡೆಯುವುದಿಲ್ಲ. ನಿಮ್ಮ ಮನೆಯಲ್ಲೂ ಉಬ್ಬಸ ಇರುವವರು, ಚಿಕ್ಕ ಮಕ್ಕಳು ಇದ್ದರೆ ಬೇಸಿಗೆ ಮಧ್ಯಾಹ್ನದ ಆಟ, ದುಡಿಮೆ ಬೆಳಿಗ್ಗೆಗೆ ಹಾಕಿಕೊಂಡರೆ ನಷ್ಟವಿಲ್ಲ. ಡಾಕ್ಟರ್ ಕೊಟ್ಟ ಇನ್‌ಹೇಲರ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಫೋನಿನಲ್ಲಿ ನೋಡುವುದಾದರೆ ಕೇಂದ್ರ ಮಂಡಳಿಯ ಸಮೀರ್ ಆ್ಯಪ್ ನೋಡಿ. ಅದರಲ್ಲಿ ಇರುವುದು ನಿಜವಾದ ಕೇಂದ್ರಗಳ ಅಂಕಿ. ಬರೀ ಬಣ್ಣ ನೋಡಬೇಡಿ, ಕೇಂದ್ರದ ಹೆಸರು ನೋಡಿ, ಅದು ನಿಮ್ಮೂರಿಗೆ ಎಷ್ಟು ದೂರ ಅಂತ ಲೆಕ್ಕ ಹಾಕಿ. ಆಮೇಲೆ ಓಜೋನಿನ ಸಾಲು ಬೇರೆಯಾಗಿ ನೋಡಿ. ಬೆಳಿಗ್ಗೆ ಕೆಳಗಿದ್ದ ಸಾಲು ಹನ್ನೊಂದರ ಮೇಲೆ ಹೇಗೆ ಏರುತ್ತದೆ ಅಂತ ನಾಲ್ಕು ದಿನ ನೋಡಿದರೆ ನಿಮಗೇ ತಿಳಿಯುತ್ತದೆ.

ಇನ್ನೊಂದು ಕೆಲಸ ಮಾಡಿದೆವು. ಗ್ರಾಮಸಭೆಯಲ್ಲಿ ಎದ್ದು ನಿಂತು, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೂರು ತಿಂಗಳಾದರೂ ನಮ್ಮ ಹೋಬಳಿಯಲ್ಲಿ ಓಜೋನ್ ಅಳೆಯಬೇಕು, ಸಂಚಾರಿ ವಾಹನವಾದರೂ ಸರಿ, ತಾತ್ಕಾಲಿಕ ಯಂತ್ರವಾದರೂ ಸರಿ ಅಂತ ನಿರ್ಣಯ ಬರೆಸಲು ಕೇಳಿದೆವು. ಹಿಂದಿನ ಸಾಲಿನಲ್ಲಿ ಯಾರೋ, "ಚರಂಡಿಗೇ ದುಡ್ಡಿಲ್ಲ, ಗಾಳಿಗೆ ಬೇರೆ" ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆಗ ಅವ್ವನ ವಯಸ್ಸಿನ ಒಬ್ಬರು, "ನಂಗೂ ಮಧ್ಯಾಹ್ನವೇ ಬರೋದು ಕಣ್ರಪ್ಪ, ಬರ್ಕಳಿ" ಅಂದರು. ಅವರ ಪಕ್ಕದವರು ತಮ್ಮ ಮೊಮ್ಮಗನದೂ ಹಾಗೇ ಅಂದರು. ನಗು ನಿಂತಿತು. ನಿರ್ಣಯ ಪುಸ್ತಕಕ್ಕೆ ಹೋಯಿತು. ಅದರ ನಕಲನ್ನು ಅರ್ಜಿ ಜತೆ ಕಳಿಸಿದ್ದೇವೆ, ಸ್ವೀಕೃತಿ ಬಂದಿದೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇವೆ. ಸುತ್ತಲಿನ ನಾಲ್ಕು ಪಂಚಾಯಿತಿಯವರೂ ಇದೇ ನಿರ್ಣಯ ಬರೆಸಿದರೆ ಅರ್ಜಿಗೆ ತೂಕ ಬರುತ್ತದೆ. ಮೈಸೂರು ರಸ್ತೆ, ಮಾಗಡಿ ರಸ್ತೆ ಎರಡೂ ಕಡೆಯ ಊರಿನವರು ಇದನ್ನು ಓದುತ್ತಿದ್ದರೆ, ಒಂದು ಹಾಳೆ ಸಾಕು, ಬರೆಸಿ.

ಜನವರಿಯ ಸುದ್ದಿಗೆ ತಿದ್ದುಪಡಿ ಹಾಕಿ ಎಂದು ಡೆಸ್ಕಿಗೆ ಕೇಳಿದೆವು. ಎರಡು ತಿಂಗಳ ಹಿಂದಿನ ಸುದ್ದಿಗೆ ಈಗೇನು ತಿದ್ದುಪಡಿ ಅಂದರು. ಅದಕ್ಕೇ ಇಲ್ಲಿ ಬರೆದಿದ್ದೇವೆ. "ಹಳ್ಳಿಗಳ ಶುದ್ಧ ಗಾಳಿ" ಎಂದು ಮೂರು ಸಲ ಬರೆದದ್ದು ತಪ್ಪು. ಅಳೆಯದೆ ಬರೆದೆವು.

ಅವ್ವನಿಗೆ ಎಲ್ಲ ಹೇಳಿ, ಅಕ್ಕನ ಮನೆಗೆ ವಾಪಸ್ ಬಿಡಲೇ ಅಂತ ಕೇಳಿದೆವು. ಅಲ್ಲಿ ಬೆಳಿಗ್ಗೆ ಕೆಮ್ಮು, ಇಲ್ಲಿ ಮಧ್ಯಾಹ್ನ ಕೆಮ್ಮು. ಅವ್ವ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಸ ಕರ ಹಾಕೋವರ್ಗೂ ಇಲ್ಲೇ ಇರ್ತೀನಿ" ಅಂದಳು.

ಈಗ ಕ್ಯಾಲೆಂಡರಿನಲ್ಲಿ ಗೀಟು ಎಳೆಯುವವಳು ಅವಳೇ. ಬೆಳಿಗ್ಗೆ ಅಂಗಳಕ್ಕೆ ಬಂದು ಒಂದು ಹಿಡಿ ಹೊಟ್ಟು ತೂರಿ ನೋಡುತ್ತಾಳೆ. ಪಡುವಲಕ್ಕೆ ಹಾರಿದರೆ ತಾರೀಖಿನ ಪಕ್ಕದಲ್ಲಿ "ಮೂ" ಅಂತ ಬರೆಯುತ್ತಾಳೆ. ಅಳೆಯುವ ಯಂತ್ರ ಬರುವವರೆಗೆ ನಮ್ಮ ಹೋಬಳಿಯ ದಾಖಲೆ ಅದೊಂದೇ.